ಕೂದಲು ಒಣಗುವವರೆಗೆ

"ತಲೆ ಒರೆಸಿಕೊಳ್ಳೋಕೆ ನಿಮ್ಮಪ್ಪನ ಹಳೇ ಬನಿಯನ್ನೇ ಬೇಕಿತ್ತಾ? ಮನೇಲಿ ಟವೆಲಿಗೆ ಬರ ಬಂದಿದೆಯಾ?" ಅಜ್ಜಿ ಬಚ್ಚಲಿನ ಬಾಗಿಲಿಗೇ ಬಂದು ನಿಂತಿದ್ದಳು. ಅವಳದು ಬಾಯಿ ಜೋರು, ಕುತೂಹಲ ಅದಕ್ಕಿಂತ ಜೋರು.

ಟವೆಲು ಗುಂಗುರು ಕೂದಲನ್ನು ಎಳೆದು ಕೆದರುತ್ತದೆ, ಬನಿಯನ್ನಿನ ಬಟ್ಟೆ ನುಣುಪು, ಅದರಲ್ಲೂ ಉಜ್ಜಬಾರದು, ಬರೀ ಹಿಂಡಬೇಕು ಎಂದು ಮೊಮ್ಮಗಳು ತಲೆ ಬಗ್ಗಿಸಿಕೊಂಡೇ ವಿವರಿಸಿದಳು. ಒದ್ದೆ ಇರುವಾಗಲೇ ಕಂಡೀಷನರ್ ಸವರಿ, ಬೆರಳಲ್ಲಿ ಸಿಕ್ಕು ಬಿಡಿಸಿ, ಅಂಗೈಯಲ್ಲಿ ಮುದುರಿ ಮುದುರಿ ಮೇಲಕ್ಕೆ ಒತ್ತಿ, ಆಮೇಲೆ ಅದರ ಪಾಡಿಗೆ ಬಿಟ್ಟುಬಿಡಬೇಕು. ಈ ವಿದ್ಯೆ ಕೈಹತ್ತಿದ ಮೇಲೆ, ಬಾಚಿದಷ್ಟೂ ಪೊರಕೆಯಂತೆ ನಿಲ್ಲುತ್ತಿದ್ದ ಅವಳ ಕೂದಲು ಸುರುಳಿಯಾಗಿ ಭುಜಕ್ಕೆ ಇಳಿಯತೊಡಗಿತ್ತು.

ಆ ಗುಂಗುರು ಎಲ್ಲಿಂದ ಬಂತೆನ್ನುವುದು ಆ ಮನೆಯ ಹಳೆಯ ತಮಾಷೆ. ಅಮ್ಮನ ಕೂದಲು ನೆಟ್ಟಗೆ, ಅಪ್ಪನದು ಎಂದೂ ಬೆಳೆಯಲು ಬಿಡದ ಗಿಡ್ಡ ಕ್ರಾಪು. ನೆಂಟರು ಬಂದಾಗಲೆಲ್ಲ ಅಜ್ಜಿ ಮೊಮ್ಮಗಳ ತಲೆ ಸವರಿ, "ನಮ್ಮ ಕಡೆ ಯಾರಿಗೂ ಹೀಗಿಲ್ಲಪ್ಪ, ಇನ್ಯಾರನ್ನ ಕೇಳಬೇಕೋ" ಎಂದು ನಗುತ್ತಿದ್ದಳು. ನೆಂಟರೂ ನಗುತ್ತಿದ್ದರು. ಅಮ್ಮ ಎದ್ದು ಒಳಗೆ ಹೋಗುತ್ತಿದ್ದಳು. ಅಪ್ಪ ನಗುತ್ತಲೂ ಇರಲಿಲ್ಲ, ಸಾಕು ಸುಮ್ಮನಿರಮ್ಮ ಎನ್ನುತ್ತಲೂ ಇರಲಿಲ್ಲ. ಆ ಮಾತಿನ ಅರ್ಥ ತಿಳಿಯುವ ವಯಸ್ಸು ಬಂದಾಗಿನಿಂದ ಹುಡುಗಿಗೆ ಅದನ್ನು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಚಿಕ್ಕಂದಿನಲ್ಲಿ ಅಮ್ಮ ತನ್ನ ತಲೆಗೆ ಎಣ್ಣೆ ಮೆತ್ತಿ, ಕಣ್ಣಲ್ಲಿ ನೀರು ಬರುವಷ್ಟು ಬಿಗಿಯಾಗಿ ಯಾಕೆ ಜಡೆ ಹಾಕುತ್ತಿದ್ದಳೆಂದೂ ಆಗಲೇ ಹೊಳೆದಿತ್ತು.

ಅಜ್ಜಿ ಮಾತ್ರ ತನ್ನ ತಲೆಯನ್ನು ಯಾರ ಕೈಗೂ ಕೊಟ್ಟವಳಲ್ಲ. ಯಾರ ಹಂಗೂ ಬೇಡವೆಂದು ತಾನೇ ಮಿಂದು, ಒದ್ದೆಯಲ್ಲೇ ಬಾಚಿ, ಬಿಗಿಯಾಗಿ ಗಂಟು ಹಾಕಿಕೊಂಡೇ ಬಚ್ಚಲಿನಿಂದ ಹೊರಬರುವವಳು. ಮೊನ್ನೆ ಜಾರಿಬಿದ್ದು ಬಲಗೈಗೆ ಪ್ಲಾಸ್ಟರ್ ಬಿದ್ದ ಮೇಲೆ ಆ ಜಂಬ ನಡೆಯಲಿಲ್ಲ. ತಲೆ ತುರಿಸಿ ತುರಿಸಿ ಸೋತಿದ್ದಳು. ಸೊಸೆ ಔಷಧಿ ಅಂಗಡಿಯ ಕೆಲಸಕ್ಕೆ ಹೋಗಿದ್ದಳು. ಹೇಗೂ ನಿನ್ನ ಕೈ ಒದ್ದೆಯಾಗಿದೆ, ನನ್ನ ತಲೆಗೂ ನಾಲ್ಕು ಚೊಂಬು ಹುಯ್ಯಿ ಎಂದು ಮೊಮ್ಮಗಳಿಗೆ ಗಂಟುಬಿದ್ದಳು.

ಹುಡುಗಿ ತಲೆ ತೊಳೆದಳು. ಬೆರಳಾಡಿಸುವಾಗ ಆ ಬಿಳಿ ಕೂದಲಿನ ಒರಟುತನ ತನ್ನ ಕೈಗೆ ಎಲ್ಲೋ ಪರಿಚಯವಿದ್ದಂತೆ ಅನ್ನಿಸಿತು. ನೋಡೇಬಿಡೋಣವೆಂದು ತನಗೆ ಮಾಡಿಕೊಂಡಿದ್ದನ್ನೆಲ್ಲ ಅಜ್ಜಿಗೂ ಮಾಡಿ, ಕಿಟಕಿಯ ಬಿಸಿಲಿಗೆ ಕುರ್ಚಿ ಹಾಕಿ ಕೂರಿಸಿದಳು. ಬಾಚದೆ ಬಿಡುವುದು ಎಂಥ ಶೋಕಿ ಎಂದು ಅಜ್ಜಿ ಗೊಣಗಿದಳು. ಎದುರಿಗೆ ಕೂತ ಹುಡುಗಿ ಕಣ್ಣು ಕೀಳದೆ ನೋಡುತ್ತಿದ್ದಳು. ಮೊದಲು ಕಿವಿಯ ಹತ್ತಿರ ಒಂದೆಳೆ ಬಾಗಿತು. ನೀರು ಆರಿದಂತೆಲ್ಲ ಹಣೆಯ ಮೇಲಿನದು ಮೇಲೆದ್ದಿತು, ಕತ್ತಿನ ಹಿಂದಿನದು ಉಂಗುರ ಉಂಗುರವಾಗಿ ಸುತ್ತಿಕೊಂಡಿತು. ಹುಡುಗಿಗೆ ಖುಷಿಯೂ ಸಿಟ್ಟೂ ಒಟ್ಟಿಗೇ ನುಗ್ಗಿ ಬಂದವು. ಎದ್ದುಹೋಗಿ ಕನ್ನಡಿ ತಂದು ಅಜ್ಜಿಯ ಮುಂದೆ ಹಿಡಿದಳು.

ಅಜ್ಜಿ ಬಹಳ ಹೊತ್ತು ನೋಡಿಕೊಂಡಳು. ಎಡಗೈಯಲ್ಲಿ ಮೊಮ್ಮಗಳ ಒಂದು ಸುರುಳಿಯನ್ನು ಹಿಡಿದು ತನ್ನದರ ಪಕ್ಕಕ್ಕಿಟ್ಟು ಮತ್ತೆ ನೋಡಿದಳು.

"ನಮ್ಮಮ್ಮ ಬಾಚಿ ಬಿಗಿಯೋಳು. ಆಮೇಲೆ ನಾನೂ ಹಾಗೇ ಬಿಗಿದೆ. ಒಂದಿನನೂ ಹರಡಿಕೊಂಡು ಕೂತವಳಲ್ಲ ಕಣೇ," ಎಂದಳು. ಆಮೇಲೆ ದನಿ ತಗ್ಗಿಸಿ, "ಬೇಗ ಬಾಚಿಬಿಡು. ನಿಮ್ಮಮ್ಮ ಬರೋ ಹೊತ್ತಾಯ್ತು."

ಹುಡುಗಿ ಕೂತಲ್ಲಿಂದ ಏಳಲಿಲ್ಲ. ಅಜ್ಜಿಯೇ ತಡಕಾಡಿ ಬಾಚಣಿಗೆ ಹುಡುಕಿಕೊಂಡಳು. ಎಡಗೈಯಲ್ಲಿ ಎರಡು ಸಲ ಎಳೆದು ನೋವಾಗಿ ಕೈಬಿಡುವ ಹೊತ್ತಿಗೆ ಅಮ್ಮ ಬಾಗಿಲು ತೆರೆದು ಒಳಗೆ ಬಂದಳು.

ಅಮ್ಮ ಅತ್ತೆಯ ತಲೆ ನೋಡಿದಳು, ಮಗಳ ತಲೆ ನೋಡಿದಳು. ಹೆಗಲಿನ ಚೀಲ ಇಳಿಸಲೂ ಮರೆತು ನಿಂತಳು. ಅವಳ ಮುಖ ನೋಡಲಾರದೆ ಅಜ್ಜಿ ಬಾಚಣಿಗೆಯನ್ನು ಮುಂದೆ ಚಾಚಿ, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ, ನೀನಾದರೂ ಒಂದಿಷ್ಟು ಬಾಚಿ ಗಂಟು ಹಾಕಮ್ಮ ಎಂದಳು. ಅತ್ತೆ ಹೇಳಿದ್ದಕ್ಕೆ ಎದುರಾಡಿ ಅಮ್ಮನಿಗೆ ಅಭ್ಯಾಸವೇ ಇರಲಿಲ್ಲ. ಬಾಚಣಿಗೆ ತೆಗೆದುಕೊಂಡು ಕುರ್ಚಿಯ ಹಿಂದೆ ಹೋಗಿ ನಿಂತಳು. ಬಾಚಿಯೇಬಿಡುತ್ತಾಳೆಂದು ಹುಡುಗಿಗೆ ಅಳು ಬಂತು.

ಅಮ್ಮ ಒಂದು ಬಿಳಿ ಸುರುಳಿಯನ್ನು ಬೆರಳಲ್ಲಿ ಹಿಡಿದು ನೆಟ್ಟಗೆ ಎಳೆದಳು, ಬಿಟ್ಟಳು. ಅದು ಮತ್ತೆ ಸುತ್ತಿಕೊಂಡಿತು. ಬಾಚಣಿಗೆಯನ್ನು ಬೀರುವಿನ ಮೇಲಿಟ್ಟಳು.

"ಇನ್ನೂ ಪೂರ್ತಿ ಒಣಗಿಲ್ಲ ಅತ್ತೆ, ಹಾಗೇ ಇರಲಿ. ಸಂಜೆ ನಿಮ್ಮ ಮಗ ಬಂದು ಒಂದ್ಸಲ ನೋಡಲಿ."