ಕಿಸೆಯೊಳಗಿನ ಸೀಟಿ

ಮಗಳ ಅಂಗಿ ಒಗೆಯುವಾಗ ಕಿಸೆಯಲ್ಲಿ ಅರ್ಧ ಕರಗಿದ ಸೀಟಿ ಪೆಪ್ಪರಮಿಂಟು, ಬಾಯಲ್ಲಿಟ್ಟು ಊದಿದರೆ ಸೀಟಿ ಹೊಡೆಯುವಂಥದು, ಬೆರಳಿಗೆ ಅಂಟುತ್ತದೆ.

ನಾನು ಸಣ್ಣವಳಿದ್ದಾಗ ಜಹೀರಾಬಾದಿನಿಂದ ನಾನು ಶಾಲೆ ಮುಗಿಸಿ, ಅವ್ವ ಫ್ಯಾಕ್ಟರಿ ಮುಗಿಸಿ ಒಂದೇ ಆಟೊದಲ್ಲಿ ಊರಿಗೆ ಬರುತ್ತಿದ್ದೆವು. ಒಂದು ಮಧ್ಯಾಹ್ನ ಅವ್ವ ಎರಡು ಡ್ಯೂಟಿ ಒಟ್ಟಿಗೆ ಮಾಡಿ ಬಂದಿದ್ದಳು. ಇಂಥದೇ ಸೀಟಿ ಕೊಡಿಸಿ, "ಊದ್ಕೋತ ಇರು. ನಾ ಮಲಗಿದ್ರ ಊರು ದಾಟಿ ಹೋಗ್ತದ," ಅಂದಳು.

ನಾನು ಮದುವೆ ಬಾಜಾದ ಹಾಡು ಊದಿದೆ. ಆಟೊದಲ್ಲಿದ್ದವರೆಲ್ಲ ನಕ್ಕು ಚಪ್ಪಾಳೆ ತಟ್ಟಿದರು. ಅವ್ವನ ತಲೆ ಮಾತ್ರ ನನ್ನ ಹೆಗಲಿಗೆ ವಾಲಿತು. ಸೀಟಿಯನ್ನು ಕಿಸೆಗಿಳಿಸಿದೆ.

ನಮ್ಮೂರ ಬೇವಿನ ಮರ ಹಿಂದೆ ಹೋಯಿತು. ನಾನು ಅಲುಗಾಡಲಿಲ್ಲ.

ಮುಂದಿನ ಊರಿಂದ ಬಿಸಿಲಲ್ಲಿ ತಿರುಗಿ ನಡೆಯುವಾಗ ಅವ್ವ ಕೇಳಿದಳು, "ಸೀಟಿ ಯಾಕ ಊದಲಿಲ್ಲ?"

"ಕರಗಿ ಹೋತವ್ವ."

ಅವ್ವ ನನ್ನ ಕಿಸೆ ತಡವಿ ನೋಡಿದಳು. ಗಟ್ಟಿ ಸೀಟಿ ಅವಳ ಕೈಗೆ ಸಿಕ್ಕಿತು.

"ಹೌದವ್ವ, ಕರಗ್ಯದ," ಅಂದಳು.