ಮೇಲೆ ನೋಡಿದವನು

ಮುದುಕ ಚರ್ಚಿನ ಸುತ್ತ ಇನ್ನೊಂದು ಸುತ್ತು ಬಂದು, ಯಾರದೋ ಸಮಾಧಿಯ ಅಂಚುಗಲ್ಲಿನ ಮೇಲೆ ಹತ್ತಿ ನಿಂತು, ಚಾವಣಿಯತ್ತ ಕತ್ತು ಚಾಚಿದ. ಒಳಗೆ ಹೂದಾನಿಗೆ ನೀರು ತುಂಬುತ್ತಿದ್ದ ಮೇವಿಸ್ ಪೆಟಿಫರ್ ಅದನ್ನು ಕಿಟಕಿಯಿಂದ ನೋಡಿದಳು. ಹೂವನ್ನು ಅಲ್ಲೇ ಬಿಟ್ಟು ಹೊರಗೆ ಬಂದಳು.

ನೆದರ್ ಹ್ಯಾಸ್ಕಂ ಎಂಬ ಈ ಹಳ್ಳಿಯನ್ನು ನೋಡಲು ಬಂದವರು ತಲೆ ತಗ್ಗಿಸಿ ನೋಡುವುದು ವಾಡಿಕೆ. ಸಮಾಧಿಯ ಬರಹ, ಹಳೇ ಸೇತುವೆಯ ಕೆಳಗಿನ ಬಾತುಕೋಳಿ, ಗಿರಣಿಯ ಚಕ್ರ ಎಲ್ಲ ಕೆಳಗೇ ಇವೆ. ಅವನ್ನು ನೋಡಿ, ಡೆನ್ಜಿಲ್‌ನ ಅಂಗಡಿಯಲ್ಲಿ ಜ್ಯಾಮು ಹಚ್ಚಿದ ಸ್ಕೋನು ತಿಂದು, ಟೀ ಕುಡಿದು ಹೋಗುತ್ತಾರೆ. ತಲೆ ಎತ್ತಿ ನೋಡುವವನ ಕಣ್ಣು ಮಾತ್ರ ಚಾವಣಿಗೆ ಹಾಸಿದ ಸೀಸದ ಹಾಳೆಗಳ ಮೇಲಿರುತ್ತದೆ; ಗುಜರಿಯಲ್ಲಿ ಅದಕ್ಕೆ ಒಳ್ಳೆಯ ಬೆಲೆ. ಹೋದ ಚಳಿಗಾಲದಲ್ಲಿ ಕಳ್ಳರು ಉತ್ತರದ ಪಕ್ಕದ ಸೀಸವನ್ನೆಲ್ಲ ಚಾಪೆಯ ಹಾಗೆ ಸುತ್ತಿಕೊಂಡು ಹೋಗಿದ್ದರು. ಅಲ್ಲೀಗ ಬೂದಿ ಬಣ್ಣ ಬಳಿದ ಉಕ್ಕಿನ ತಗಡು. ಚಾವಣಿಯ ಅಂಚಿನ ಮೋಟುಗೋಡೆ ಅಡ್ಡ ಇರುವುದರಿಂದ ಕೆಳಗೆ ನಿಂತವರಿಗೆ ಅದು ಕಾಣುವುದಿಲ್ಲ. ದಕ್ಷಿಣದ ಸೀಸವಾದರೂ ಉಳಿಯಲಿ ಎಂದು ಊರಿನವರು ಈ ಸುದ್ದಿಯನ್ನು ಹೊರಗಿನವರ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಅದೂ ಹೋದರೆ ಚರ್ಚಿಗೆ ಬೀಗ ಹಾಕುತ್ತೇನೆಂದು ಬಿಷಪ್ಪರು ಹೇಳಿಬಿಟ್ಟಿದ್ದರು. ಚರ್ಚಿನ ಉಸ್ತುವಾರಿ ಮೇವಿಸಳದು. ಕೀಲಿಗೊಂಚಲು ಅವಳ ಸ್ವೆಟರಿನ ಜೇಬಿನಲ್ಲೇ ಇರುತ್ತಿತ್ತು.

ಈ ಮುದುಕ ಸೇತುವೆಯತ್ತ ಕಣ್ಣೂ ಹಾಯಿಸಿರಲಿಲ್ಲ. ಗೇಟಿನ ಬಳಿ ಹೆಸರು ಬರೆಯದ ಬಿಳಿ ವ್ಯಾನು ನಿಂತಿತ್ತು. ಕುಂಟುತ್ತಿದ್ದನೇನೋ ನಿಜ, ಆದರೆ ಕಲ್ಲು ಹತ್ತುವಾಗ ಆ ಕುಂಟು ಎಲ್ಲಿ ಹೋಗಿತ್ತು? ಅಷ್ಟರಲ್ಲಿ ಟೀ ಅಂಗಡಿಯ ಡೆನ್ಜಿಲ್ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದು ಅವಳ ಕಿವಿಯಲ್ಲಿ ಉಸುರಿದ. “ಮೇಲಿರೋದು ಹಳೇ ಸೀಸಾನೇ ತಾನೆ ಅಂತ ನನ್ನನ್ನೇ ಕೇಳ್ದ ಕಣೆ. ಎಂಥಾ ಗುಂಡಿಗೆ ನೋಡು. ಪೊಲೀಸರಿಗೆ ಫೋನ್ ಮಾಡ್ಲಾ?”

ಮೇವಿಸ್ ನೇರ ಮುದುಕನ ಎದುರು ಹೋಗಿ ನಿಂತಳು. ಏನು ಹುಡುಕುತ್ತಿದ್ದೀರಿ ಎಂದು ಕೇಳಿದಳು. ಅವನು ಟೋಪಿ ತೆಗೆದ.

“ಗಂಟೆಗೋಪುರದ ಒಳಗಿಂದ ಮೇಲಕ್ಕೆ ಮೆಟ್ಟಿಲಿದೆಯಲ್ಲಮ್ಮ, ಅದರ ಕೀಲಿ ಯಾರ ಹತ್ರ ಇರುತ್ತೆ?”

“ಏಣಿನೂ ಬೇಕಾ ಅಂತ ಕೇಳು,” ಎಂದ ಡೆನ್ಜಿಲ್.

ಮುದುಕ ಅದನ್ನು ಕೇಳಿಸಿಕೊಳ್ಳದವನಂತೆ ತನ್ನ ಕಥೆ ಹೇಳಿದ. ಹೆಸರು ಲೆನ್ ಹಾಬ್‌ಡೇ. ಈ ಚಾವಣಿಗೆ ಸೀಸ ಹಾಸಿದ್ದು ಅವನ ಅಪ್ಪ. ಕೆಲಸ ಮುಗಿದ ದಿನ ಸೀಸದ ಮೇಲೆ ಬೂಟು ಊರಿ, ಮೊಳೆಯಲ್ಲಿ ಸುತ್ತ ಗೆರೆ ಎಳೆದು, ಒಳಗೆ ಹೆಸರು ಕೊರೆಯುವುದು ಆ ಕಸುಬಿನವರ ಪದ್ಧತಿ. ಅವತ್ತು ಅಪ್ಪ ತನ್ನ ಬೂಟಿನ ಬದಲು, ಆಗಿನ್ನೂ ಚಿಕ್ಕವನಾಗಿದ್ದ ಮಗನ ಬಲಗಾಲಿನ ಬೂಟು ಊರಿಸಿದ್ದ. ಈಗ ಸಕ್ಕರೆ ಕಾಯಿಲೆ ಆ ಕಾಲನ್ನೇ ತಿಂದುಹಾಕಿದೆ. ಗುರುವಾರ ಪಟ್ಟಣದ ಆಸ್ಪತ್ರೆಯಲ್ಲಿ ಮೊಣಕಾಲಿನಿಂದ ಕೆಳಕ್ಕೆ ತೆಗೆಯುತ್ತಾರೆ. ಅಳಿಯನ ವ್ಯಾನು ಇಸಕೊಂಡು ಬಂದಿದ್ದಾನೆ.

“ತೆಗೆಯೋಕೆ ಮುಂಚೆ ಒಂದ್ಸಲ ಈ ಕಾಲನ್ನ ಆ ಗೆರೆಯೊಳಗೆ ಇಟ್ಟು ನಿಂತ್ಕೋಬೇಕಮ್ಮ. ಅಷ್ಟೇ.”

ಈಗಿನ ಕಳ್ಳರಿಗೆ ಇಂಥ ಕಥೆ ಕಟ್ಟುವುದು ಯಾವ ಮಹಾ ಕಷ್ಟ? ಮೇವಿಸ್ ಸೋಲಲಿಲ್ಲ. ಹೆಸರು ಹೇಗೆ ಕೊರೆದಿದ್ದರು, ಅದನ್ನು ಹೇಳಿ ನೋಡೋಣ ಎಂದಳು.

“ಅಪ್ಪ ಅಲ್ಲ, ನಾನೇ ಕೊರೆದಿದ್ದು. ಲೆನ್ ಅಂತ. ಕೊನೇ ಅಕ್ಷರ ಎನ್ ಹಿಂದುಮುಂದಾಗಿ ಹೋಯ್ತು. ಅಪ್ಪ ಹೊಟ್ಟೆ ಹಿಡ್ಕೊಂಡು ನಕ್ಕಿದ್ದ.”

ಮೇವಿಸಳ ಅನುಮಾನ ಅಲ್ಲೇ ಸತ್ತಿತು. ಎಷ್ಟೋ ವರ್ಷದ ಹಿಂದೆ ಕಾಗೆಗೂಡು ತೆಗೆಯಲು ಮೇಲೆ ಹತ್ತಿದ್ದಾಗ ಆ ಪುಟ್ಟ ಬೂಟಿನ ಗೆರೆ ಅವಳ ಕಣ್ಣಿಗೆ ಬಿದ್ದಿತ್ತು. ತಿರುಗಾಮುರುಗಾ ಅಕ್ಷರ ನೋಡಿ ಅವಳೂ ನಕ್ಕಿದ್ದಳು. ಕೈ ತಾನಾಗಿ ಜೇಬಿಗೆ ಹೋಗಿ ಕೀಲಿ ಹಿಡಿಯಿತು. ಮುದುಕ ಆಗಲೇ ಗೋಪುರದ ಬಾಗಿಲ ಕಡೆ ಹೆಜ್ಜೆ ಹಾಕಿದ್ದ.

“ಉತ್ತರದ ಪಕ್ಕ. ಮೇಲೆ ಹೋದ ತಕ್ಷಣ ಸಿಗುತ್ತೆ,” ಎಂದ.

“ಉತ್ತರದ ಪಕ್ಕಾನಾ? ಅಯ್ಯೋ, ಅದು ಹೋದ—” ಎಂದು ಡೆನ್ಜಿಲ್ ಬಾಯಿ ತೆಗೆದ. ಮೇವಿಸ್ ಅವನ ತೋಳನ್ನು ಎಷ್ಟು ಬಲವಾಗಿ ಹಿಡಿದಳೆಂದರೆ ಉಳಿದ ಮಾತು ಅವನ ಗಂಟಲಲ್ಲೇ ಉಳಿಯಿತು.

ಆ ಬೂಟಿನ ಗೆರೆಯಿದ್ದ ಸೀಸವನ್ನು ಕಳ್ಳರು ಯಾವ ಕುಲುಮೆಯಲ್ಲಿ ಕರಗಿಸಿದರೋ. ಈ ಮನುಷ್ಯ ಕೊಳೆಯುತ್ತಿರುವ ಕಾಲೆಳೆದುಕೊಂಡು ಅಷ್ಟೂ ಮೆಟ್ಟಿಲು ಹತ್ತಿ, ಹೊಸ ತಗಡನ್ನು ನೋಡಿ, ಹಾಗೇ ಇಳಿದು ಬಂದು ಆಸ್ಪತ್ರೆಯ ಮಂಚ ಹತ್ತಬೇಕು. ಅವಳು ಕೀಲಿಯನ್ನು ಜೇಬಿನ ತಳಕ್ಕೆ ಬಿಟ್ಟಳು.

“ನಾನು ನಂಬಲ್ಲ,” ಎಂದಳು. “ಇಂಥಾ ಕಥೆ ಹೇಳೋರನ್ನ ಬೇಕಾದಷ್ಟು ನೋಡಿದ್ದೀನಿ. ಕೀಲಿ ಕೊಡಲ್ಲ. ಹೊರಡಿ.”

ಮುದುಕನ ಮುಖ ಕೆಂಪಾಯಿತು. ವ್ಯಾನಿನ ಕೀಲಿಯನ್ನು ಅಡವಿಟ್ಟು ಹೋಗುತ್ತೇನೆಂದ, ಬೇಕಾದರೆ ನನ್ನ ಕೈ ಹಿಡಿದುಕೊಂಡೇ ಬನ್ನಿ ಎಂದ, ಬೂಟು ಬಿಚ್ಚಿ ಬ್ಯಾಂಡೇಜು ತೋರಿಸಲೂ ಬಗ್ಗಿದ. ಮೇವಿಸ್ ಮುಖ ತಿರುಗಿಸಿ, ಪೊಲೀಸರನ್ನು ಕರೆಯಬೇಕಾಗುತ್ತದೆ ಎಂದಳು. ದನಿ ನಡುಗದಿರಲೆಂದು ಅದನ್ನು ಬೇಕೆಂದೇ ಒರಟಾಗಿ ಹೇಳಿದಳು.

ಮುದುಕ ಗೇಟಿನವರೆಗೆ ಕುಂಟಿಕೊಂಡು ಹೋಗಿ ನಿಂತ. ತಿರುಗಿ ಇನ್ನೊಮ್ಮೆ ಚಾವಣಿಯತ್ತ ನೋಡಿದ. ಅವನ ಸಿಟ್ಟು ನಿಧಾನವಾಗಿ ಇಳಿಯಿತು.

“ನಿಮ್ಮನ್ನ ಚೆನ್ನಾಗಿ ಬಯ್ಯಬೇಕು ಅಂತಿದ್ದೆ ಕಣಮ್ಮ,” ಎಂದ. “ಆದ್ರೆ ನಿಮ್ಮಂಥೋರು ಕಾವಲಿರೋವಾಗ, ಈ ಕಾಲು ಹೋದ್ರೂ ಮೇಲಿರೋ ಆ ಕಾಲು ಎಲ್ಲಿಗೂ ಹೋಗಲ್ಲ.”