ಅಣ್ಣನ ಕೊಂಬೆ

ಗಾಳಿಗೆ ಮರದ ಕೊಂಬೆಯೊಂದು ಕರೆಂಟಿನ ತಂತಿಯ ಮೇಲೆ ಒರಗಿ, ಬೆಳಗ್ಗೆಯಿಂದ ಇಡೀ ಬೀದಿಗೆ ವಿದ್ಯುತ್ ಇರಲಿಲ್ಲ. ಏಣಿ, ಗರಗಸ ಹೊತ್ತು ಬಂದ ಲೈನ್‌ಮ್ಯಾನ್‌ಗೆ ಎದುರಾದದ್ದು ಅವನ ತಾಯಿಯೇ. ಎರಡೂ ಕೈಯಿಂದ ಕಾಂಡವನ್ನು ತಬ್ಬಿ ನಿಂತಿದ್ದಳು.

ಯುದ್ಧದಲ್ಲಿ ಮಡಿದ ಅವನ ಅಣ್ಣನ ನೆನಪಿಗೆಂದು ಹನ್ನೆರಡು ವರ್ಷದ ಹಿಂದೆ ಊರಿನವರು ನೆಟ್ಟ ಮರ ಅದು. ತಾಯಿ ದಿನವೂ ಬಿಂದಿಗೆ ನೀರು ತಂದು ಬುಡಕ್ಕೆ ಸುರಿದು, ಅರ್ಧ ಗಂಟೆ ಮಾತಾಡಿ ಹೋಗುತ್ತಿದ್ದಳು. ಮಂಡಿನೋವು, ಪಕ್ಕದ ಮನೆಯವರ ಜಗಳ, ಸೊಸೆಯ ಮೇಲಿನ ದೂರು, ಎಲ್ಲವೂ ಮರಕ್ಕೆ. ಮನೆಯಲ್ಲಿದ್ದ ಮಗನ ಪಾಲಿಗೆ ಉಳಿಯುತ್ತಿದ್ದದ್ದು ‘ಊಟ ಆಯ್ತಾ?’ ಎಂಬ ಎರಡೇ ಮಾತು.

“ಅಮ್ಮಾ, ಪಕ್ಕಕ್ಕೆ ಬಾ. ಒಂದೇ ಒಂದು ಕೊಂಬೆ.”

“ಬೇರೆ ಯಾರನ್ನಾದ್ರೂ ಕಳಿಸು. ನೀನು ಬೇಡ.”

“ನಾನ್ಯಾಕೆ ಬೇಡ?”

“ನಿಂಗೆ ಮೊದ್ಲಿಂದ್ಲೂ ಅವನ ಮೇಲೆ ಹೊಟ್ಟೆಕಿಚ್ಚು.”

ಅಂಗಡಿ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಮುಖ ತಿರುಗಿಸಿಕೊಂಡರು. ಅವನ ಕಿವಿ ಕೆಂಪಾಯಿತು. “ಹೌದು, ಇದೆ. ಬದುಕಿದ್ದಿದ್ರೆ ಜಗಳಾನಾದ್ರೂ ಆಡಬಹುದಿತ್ತು. ಸತ್ತು ದೇವರಾದವನ ಮುಂದೆ ನಾನೇನು ಗೆಲ್ಲಲಿ?” ತಾಯಿಯ ಹಿಡಿತ ಸಡಿಲವಾಯಿತು.

ಅವನು ಏಣಿ ಹತ್ತಿದ. ಮೇಲೆ ನಡುಕಾಂಡವೇ ಕೈಗೆಟುಕುವಂತಿತ್ತು. ಅದನ್ನು ಕೊಯ್ದು, ‘ತಂತಿಗೆ ತಾಗುತ್ತಿತ್ತು’ ಎಂದುಬಿಟ್ಟರೆ ಕೇಳುವವರಾರು? ಮರ ಮೊಂಡಾಗಿ ನಿಲ್ಲುತ್ತದೆ, ಅಷ್ಟೆ. ಗರಗಸದ ಹಲ್ಲನ್ನು ತೊಗಟೆಗೆ ಒತ್ತಿಯೂ ಬಿಟ್ಟ. ಏಣಿ ಒಮ್ಮೆ ಅಲುಗಿ, ತಟ್ಟನೆ ನಿಂತಿತು. ಬಗ್ಗಿ ನೋಡಿದ. ತಾಯಿ ಏಣಿಯನ್ನು ಎದೆಗವಚಿ ಹಿಡಿದು, ಉಸಿರು ಬಿಗಿಹಿಡಿದು ಅವನನ್ನೇ ನೋಡುತ್ತಿದ್ದಳು. ಅವನು ಗರಗಸ ತೆಗೆದ. ತಂತಿಗೆ ತಾಗಿದ್ದ ಕೊಂಬೆಯನ್ನಷ್ಟೇ, ತೊಗಟೆ ಹರಿಯದಂತೆ, ನಿಧಾನವಾಗಿ ಕೊಯ್ದು ಇಳಿಸಿದ.

ಬೀದಿಗೆ ಕರೆಂಟ್ ಬಂತು. ಏಣಿ ಹೆಗಲಿಗೇರಿಸಿ ಹೊರಟವನಿಗೆ ಬೆನ್ನ ಹಿಂದೆ ತಾಯಿಯ ಪಿಸುಮಾತು ಕೇಳಿಸಿತು. “ನೋಡಿದ್ಯೇನೋ ನಿನ್ನ ತಮ್ಮನ್ನ? ಒಂದೆಲೆ ಹೆಚ್ಚಿಗೆ ಕೀಳಲಿಲ್ಲ. ನೀನಾಗಿದ್ರೆ ಏಣಿ ಕಂಡ್ರೇ ನಡುಗ್ತಿದ್ದೆ.”

ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ತನ್ನ ಬಗ್ಗೆ ಅವನು ಕೇಳಿದ ಮೊದಲ ಮೆಚ್ಚುಗೆ. ಅದನ್ನೂ ಅವಳು ಮರಕ್ಕೇ ಹೇಳಿದ್ದಳು.